ಬೀದಿ ಸುತ್ತಿ ಬಂದ ಮೂಕಜ್ಜಿ

ಹನ್ನೊಂದು ತಿಂಗಳ ಮೇಲೆ ನನ್ನ ‘ಮೂಕಜ್ಜಿಯ ಕನಸುಗಳು’ ಮನೆಗೆ ಬಂತು. ಬಾಣಂತನ ಮುಗಿಸಿ ತವರಿನಿಂದ ಮರಳಿದ ಮಗಳ ಹಾಗೆ ತುಸು ದಪ್ಪಗಾಗಿತ್ತು. ಒಳಗೆ ಏನೇನು ತುಂಬಿಕೊಂಡು ಬಂದಿದೆಯೋ ಎಂದು ಜಗಲಿಯ ಮೇಲೆ ಕೂತು ಕೊಡವಿದೆ. ತೀರ್ಥಹಳ್ಳಿ ಬಸ್ಸಿನ ಒಂದು ಟಿಕೀಟು, ಗ್ಯಾಸ್ ಸಿಲಿಂಡರಿನ ರಸೀದಿ, ಒಣಗಿದ ಸೇವಂತಿಗೆಯ ನಾಲ್ಕು ಎಸಳು ಬಿದ್ದವು. ರಟ್ಟಿನ ಮೇಲೆ ಕಾಫಿ ಲೋಟದ ತಳ ಹುಣ್ಣಿಮೆ ಚಂದ್ರನಂತೆ ಮೂಡಿತ್ತು. ಪರರ ಕೈ ಸೇರಿದ ಪುಸ್ತಕ ಹೋದಂತೆಯೇ ಎಂದು ಹಿಂದಿನವರು ಎಚ್ಚರಿಸಿದ್ದಾರೆ, ನಿಜ. ಆದರೆ ತಿರುಗಿ ಬಂದ ಪುಸ್ತಕವನ್ನು ಏನು ಮಾಡಬೇಕೆಂದು ಅವರು ಎಲ್ಲೂ ಹೇಳಿದಂತಿಲ್ಲ. ಅಂಥ ಪ್ರಸಂಗ ಅವರ ಅನುಭವಕ್ಕೆ ಬರಲಿಲ್ಲವೋ ಏನೋ.

ಪುಸ್ತಕ ಮನೆ ಬಿಟ್ಟದ್ದು ನನ್ನ ಬಾಯಿಯ ದೆಸೆಯಿಂದ. ನಮ್ಮ ಬೀದಿಯಲ್ಲಿ ತಿಂಗಳಿಗೊಮ್ಮೆ ಹತ್ತು ಜನ ಸೇರಿ ಪುಸ್ತಕದ ಮಾತಾಡುತ್ತೇವೆ. ಹತ್ತರಲ್ಲಿ ಆರು ಮಂದಿ ಅವಲಕ್ಕಿಗೆ ಬರುವವರು ಎಂಬ ಗುಮಾನಿ ನನಗಿದೆ. ಆ ಆರರಲ್ಲಿ ನಾನೂ ಒಬ್ಬ. ಒಂದು ಭಾನುವಾರ ಮಾತಾಡುವ ಸರದಿ ನನ್ನದಾಯಿತು. ನಲವತ್ತು ವರ್ಷದ ಹಿಂದೆ ಓದಿದ ಧೈರ್ಯದ ಮೇಲೆ, ‘ಈ ಕಾದಂಬರಿಯ ನಾಯಕಿ ಮೂಕಜ್ಜಿ...’ ಎಂದು ಗಂಟಲು ಸರಿಮಾಡಿಕೊಂಡೆ. ಹಿಂದಿನ ಸಾಲಿನಿಂದ ನಿವೃತ್ತ ಮೇಷ್ಟ್ರೊಬ್ಬರು ಎದ್ದರು. ‘ಕ್ಷಮಿಸಿ. ಅವಳು ನಾಯಕಿಯಲ್ಲ ಅಂತ ಕಾರಂತರೇ ಮುನ್ನುಡಿಯಲ್ಲಿ ಹೇಳಿದ್ದಾರಲ್ಲ?’

ಮುನ್ನುಡಿ! ಅದನ್ನು ನಾನು ಹೊಸ್ತಿಲಿನ ಹಾಗೆ ಕಂಡವನು. ಎಡವದೆ ದಾಟುವುದೇ ಮರ್ಯಾದೆ ಎಂದುಕೊಂಡಿದ್ದೆ. ಸಭೆ ನಕ್ಕಿತು. ಅವಲಕ್ಕಿ ತಣ್ಣಗಾಯಿತು. ನಾನು ಇನ್ನೇನೇನು ತಪ್ಪು ಹೇಳಿದ್ದೇನೆಂದು ಪರೀಕ್ಷಿಸುವ ಉತ್ಸಾಹದಲ್ಲಿ ಬೀದಿಗೆ ಬೀದಿಯೇ ಕಾದಂಬರಿ ಓದಲು ಟೊಂಕ ಕಟ್ಟಿತು. ಕನ್ನಡ ಸಾಹಿತ್ಯಕ್ಕೆ ನನ್ನಿಂದಾದ ಸೇವೆ ಇದೊಂದೇ.

ಓದದವರಿಗಾಗಿ ಎರಡು ಮಾತು. ಓದಿದವರು ಇಷ್ಟರಲ್ಲಿ ಒಳಗೆ ಹೋಗಿ ಕಾಫಿ ಬಗ್ಗಿಸಿಕೊಂಡು ಬರಬಹುದು. ಮೂಡೂರು ಎಂಬ ಹಳ್ಳಿ. ಅಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿ. ಹತ್ತು ವರ್ಷಕ್ಕೇ ಗಂಡನನ್ನು ಕಳೆದುಕೊಂಡು, ಆಮೇಲೆ ಮಾತನ್ನೂ ಕಡಿಮೆ ಮಾಡಿಕೊಂಡವಳು. ಕೊಲ್ಲೂರಿನ ದೇವಿಯ ಹೆಸರು ಹೊತ್ತ ಮೂಕಾಂಬಿಕೆ ಊರವರ ಬಾಯಲ್ಲಿ ಮೂಕಿಯಾದಳು, ವಯಸ್ಸಾದಂತೆ ಮೂಕಜ್ಜಿಯಾದಳು. ಈ ಅಜ್ಜಿಗೆ ಒಂದು ವಿಚಿತ್ರ ಶಕ್ತಿ. ವಸ್ತುವೊಂದನ್ನು ಕೈಯಲ್ಲಿ ಕೊಟ್ಟರೆ ಅದರ ಹಿಂದಿನ ಕಾಲವೆಲ್ಲ ಕಣ್ಣಿಗೆ ಕಟ್ಟುತ್ತದೆ. ಮೊಮ್ಮಗ ಸುಬ್ಬರಾಯ ಏನೇನೋ ತಂದು ಕೊಡುತ್ತಾನೆ, ಅವಳು ಕಂಡದ್ದನ್ನು ಹೇಳುತ್ತಾಳೆ. ಹಾಗೆ ಹೇಳುತ್ತ ಹೇಳುತ್ತ, ಮನುಷ್ಯ ತನ್ನ ಕಾಲಕ್ಕೆ ತಕ್ಕ ಹಾಗೆ ದೇವರನ್ನು ಕಟ್ಟಿಕೊಳ್ಳುತ್ತ ಬಂದ ಕತೆಯನ್ನೂ ಬಿಚ್ಚುತ್ತಾಳೆ.

ತಮಾಷೆ ಇರುವುದು ಇಲ್ಲಿ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಣ್ಣಿಗೆ ಕಾಣದ್ದನ್ನು ಸುಲಭವಾಗಿ ನಂಬುವ ಪೈಕಿಯಲ್ಲ. ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಸೇರಿಸಿಕೊಂಡವರು, ಯಕ್ಷಗಾನದ ಬೆನ್ನು ಹತ್ತಿದವರು, ‘ವಿಜ್ಞಾನ ಪ್ರಪಂಚ’ವನ್ನು ಸಂಪುಟ ಸಂಪುಟವಾಗಿ ಬರೆದವರು. ಅಂಥವರು 1968ರಲ್ಲಿ ಬರೆದ ಕಾದಂಬರಿಯಲ್ಲಿ ಒಂದು ಪವಾಡವನ್ನು ತಂದು ಅಶ್ವತ್ಥಕಟ್ಟೆಯ ಮೇಲೆ ಕೂರಿಸಿದರು. ಕೂರಿಸಿ, ಆ ಪವಾಡದ ಬಾಯಿಂದಲೇ ನಂಬಿಕೆಗಳ ಬುಡ ಅಲ್ಲಾಡಿಸಿದರು. ಸಕ್ಕರೆ ಕಾಯಿಲೆಯವರು ಮಾಡಿದ ಹೋಳಿಗೆಯ ಹಾಗೆ ಇದು. ತಾವು ಬಾಯಿಗೆ ಹಾಕುವುದಿಲ್ಲ, ಆದರೆ ಹದ ಒಂದಿಷ್ಟೂ ತಪ್ಪುವುದಿಲ್ಲ. ಆ ಹೋಳಿಗೆಗೆ 1977ರಲ್ಲಿ ಜ್ಞಾನಪೀಠವೂ ಬಂತು.

ಹೋಳಿಗೆ ಎಂದೆನಲ್ಲ, ನಮ್ಮ ಬೀದಿಯವರು ತಿಂದದ್ದೂ ಹಾಗೆಯೇ. ಪುಸ್ತಕ ಮೊದಲು ಹೋದದ್ದು ದೇವಸ್ಥಾನದ ಭಟ್ಟರ ಮನೆಗೆ. ಅವರು ಹೂರಣವನ್ನಷ್ಟೇ ತಿಂದು ಕಣಕವನ್ನು ಬಾಳೆಯ ತುದಿಗೆ ಸರಿಸಿದರು. ‘ಅಜ್ಜಿಗೆ ಸಿದ್ಧಿ ಇತ್ತು ಮಾರಾಯ್ರೆ, ಸಂಶಯವೇ ಇಲ್ಲ. ಅದು ದೇವಿಯ ಕೃಪೆ. ಉಳಿದ ದೇವರ ತಕರಾರೆಲ್ಲ ಕಾರಂತರು ನಡುವೆ ಸೇರಿಸಿದ್ದು’ ಎಂದರು. ಅಲ್ಲಿಂದ ಪುಸ್ತಕ ವಿಜ್ಞಾನದ ಮೇಷ್ಟ್ರ ಮನೆಗೆ ಹೋಯಿತು. ಅವರು ಕಣಕ ತಿಂದು ಹೂರಣ ಉಗುಳಿದರು. ‘ದೇವರ ಬಗ್ಗೆ ಹೇಳಿದ್ದೆಲ್ಲ ನೂರಕ್ಕೆ ನೂರು. ಆದರೆ ಮುಟ್ಟಿದ ಕೂಡಲೇ ಕಾಣುತ್ತದೆ ಎಂದರೆ ಪುರಾವೆ ಎಲ್ಲಿ?’ ಭಟ್ಟರು ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದಲ್ಲೆಲ್ಲ ಮೇಷ್ಟ್ರು ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಾರೆ. ಎದುರಾದಾಗ ಇಬ್ಬರೂ ಮಳೆ, ಅಡಿಕೆ ಧಾರಣೆ ಬಿಟ್ಟು ಬೇರೆ ಮಾತಾಡಿದವರಲ್ಲ. ಜಗಳವೆಲ್ಲ ನನ್ನ ಪುಸ್ತಕದ ಅಂಚಿನಲ್ಲೇ ನಡೆದಿದೆ. ಇಬ್ಬರೂ ಚಕಾರವೆತ್ತದ ವಿಷಯ ಒಂದಿದೆ. ಗಂಡು ಹೆಣ್ಣಿನ ಬಯಕೆಯ ಬಗ್ಗೆ ಅಜ್ಜಿ ಎಗ್ಗಿಲ್ಲದೆ ಮಾತಾಡುವ ಪುಟಗಳಲ್ಲಿ ಪೆನ್ಸಿಲೂ ಇಲ್ಲ, ಶಾಯಿಯೂ ಇಲ್ಲ. ಹಾಳೆಯ ಮೂಲೆಗಳು ಮಾತ್ರ ಉಳಿದವಕ್ಕಿಂತ ಹೆಚ್ಚು ಕಪ್ಪಾಗಿವೆ.

ಮೂರನೆಯ ಓದುಗರು ಪಕ್ಕದ ಮನೆಯ ಅಕ್ಕ. ಅವರು ಇತಿಹಾಸವನ್ನೆಲ್ಲ ಸೊಪ್ಪಿನ ದಂಟಿನ ಹಾಗೆ ಮುರಿದು ಬದಿಗಿಟ್ಟು, ಬದುಕಿನಲ್ಲಿ ನೊಂದ ನಾಗಿ ಎಂಬವಳ ಕತೆಯನ್ನಷ್ಟೇ ಆರಿಸಿಕೊಂಡರು. ಅರಿಶಿನದ ಬೆರಳಚ್ಚು ಬಿದ್ದಿರುವುದು ಅಲ್ಲಿ. ಹುಳಿಗೆ ಹೋಳು ಬೇಯುವಷ್ಟರಲ್ಲಿ ನಾಲ್ಕು ಪುಟ ಓದಿ ಕಣ್ಣೊರೆಸಿಕೊಂಡರಂತೆ. ‘ಊರೆಲ್ಲ ಬೈಯುವ ಹೆಂಗಸನ್ನು ಹತ್ತಿರ ಕೂರಿಸಿಕೊಂಡು ಮಾತಾಡಿಸ್ತಾಳಲ್ಲ ಅಜ್ಜಿ, ಅಷ್ಟು ಸಾಕು. ದೇವರ ವಿಷಯ ನೀವು ಗಂಡಸರು ಇತ್ಯರ್ಥ ಮಾಡ್ಕೊಳ್ಳಿ’ ಎಂದರು. ಅವರ ಮಗಳು ಬೆಂಗಳೂರಿನಿಂದ ರಜೆಗೆ ಬಂದವಳು, ಶೇಷಾದ್ರಿಯವರು 2019ರಲ್ಲಿ ಮಾಡಿದ ಸಿನಿಮಾ ನೋಡಿದವಳು. ಅವಳ ಪಾಲಿಗೆ ಮೂಕಜ್ಜಿ ಎಂದರೆ ಬಿ. ಜಯಶ್ರೀ. ‘ಪುಸ್ತಕ ಓದುವಾಗಲೂ ಅವರ ದನಿಯೇ ಕೇಳಿಸ್ತದೆ ಅಂಕಲ್’ ಎಂದಳು. ಬಸ್ ಟಿಕೀಟು ಅವಳದೇ. ಅದು ಮುನ್ನುಡಿಯ ಪುಟದಲ್ಲಿ ಸಿಕ್ಕಿತು. ಮುನ್ನುಡಿ ಓದುವ ಜಾತಿ ಇನ್ನೂ ಅಳಿದಿಲ್ಲ.

ನಾನು ಈ ಕಾದಂಬರಿಯನ್ನು ಮೊದಲು ಓದಿದ್ದು ಜ್ಞಾನಪೀಠ ಬಂದ ಮರುವರ್ಷ. ಆಗ ಕಾಲೇಜು ಹುಡುಗ. ನಾನು ಭಟ್ಟರ ಪಕ್ಷವೂ ಅಲ್ಲ, ಮೇಷ್ಟ್ರ ಪಕ್ಷವೂ ಅಲ್ಲ. ಪ್ರಯೋಗ ಮಾಡಿಯೇ ತೀರುವ ಪಕ್ಷ. ಸುಬ್ಬರಾಯನಿಗಿದ್ದಂತೆ ನನಗೂ ಮನೆಯಲ್ಲಿ ಒಬ್ಬಳು ಅಜ್ಜಿ ಇದ್ದಳು. ಬೇಕಾದ್ದು ಒಂದು ಪುರಾತನ ವಸ್ತು ಮಾತ್ರ. ಎರಡು ದಿನ ಅಡಿಕೆ ತೋಟ ಕೆದಕಿದ ಮೇಲೆ ಒಂದು ಮೂಲೆಯಲ್ಲಿ ಅಂಗೈಯಗಲದ ಪಿಂಗಾಣಿ ಚೂರು ಸಿಕ್ಕಿತು. ಒಂದು ಮಗ್ಗುಲು ಕಂದು, ಒಂದು ಮಗ್ಗುಲು ಬಿಳಿ. ಕೆಳದಿ ಅರಸರ ಕಾಲಕ್ಕೆ ಚೀನಾದಿಂದ ಬಂದ ಪಾತ್ರೆ ಇರಬೇಕೆಂದು ನಿರ್ಧರಿಸಿ ಅಜ್ಜಿಯ ಎದುರು ಹೋಗಿ ಕೂತೆ. ಅವಳು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು.

‘ಎಂತದೋ ಇದು?’

‘ಕೈಯಲ್ಲಿ ಹಿಡ್ಕೊಂಡು ಕಣ್ಣು ಮುಚ್ಚಜ್ಜಿ. ಎಂತ ಕಾಣ್ತದೆ ಹೇಳು.’

ಅಜ್ಜಿ ಚೂರನ್ನು ಅಂಗೈಯಲ್ಲಿ ಹೊರಳಿಸಿದಳು. ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಕಣ್ಣು ಮುಚ್ಚಿದಳು. ನಾನು ಉಸಿರು ಬಿಗಿಹಿಡಿದೆ.

‘ಕಾಣ್ತಾ ಉಂಟು. ಒಬ್ಬ ಹುಡುಗ. ಏಳೆಂಟು ವರ್ಷದವನು. ಅಟ್ಟ ಹತ್ತಿ ಮಾವಿನಮಿಡಿ ಭರಣಿಗೆ ಕೈ ಹಾಕ್ತಿದ್ದಾನೆ. ಭರಣಿ ಬಿತ್ತು. ಹುಡುಗ ಚೂರೆಲ್ಲ ಬಾಚಿ ತೋಟದ ಮೂಲೆಯಲ್ಲಿ ಹೂತ. ಬೆಕ್ಕು ಬೀಳಿಸ್ತು ಅಂತ ಹೇಳಿದ.’ ಕಣ್ಣು ತೆರೆದಳು. ‘ಪಾಪ, ಆ ಬೆಕ್ಕಿಗೆ ಎರಡೇಟು ಹಾಕಿದ್ದೆ.’

ಅತೀಂದ್ರಿಯ ಶಕ್ತಿಯಲ್ಲಿ ನನಗೆ ನಂಬಿಕೆ ಬಂದದ್ದು ಆ ಕ್ಷಣ. ಹೋದದ್ದೂ ಆಗಲೇ ಇರಬೇಕು, ಯಾಕೆಂದರೆ ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

ಇದನ್ನೆಲ್ಲ ಎಲ್ಲಿ ಕಲಿತೆ ಎಂದು ವಿಚಾರಣೆ ನಡೆದು ಪುಸ್ತಕ ಹೊರಬಂತು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ನನ್ನ ಅತ್ತೆ ಮಧ್ಯಾಹ್ನದ ಹೊತ್ತು ಅವಳಿಗೆ ಓದಿ ಹೇಳಿದಳು. ದೇವರ ಪ್ರಕರಣ ಬಂದಾಗ ಅಜ್ಜಿ ಸಿಡಿದೇಳುತ್ತಾಳೆಂದು ನಾನು ಕಂಬದ ಮರೆಯಲ್ಲಿ ಕಾದದ್ದೇ ಬಂತು. ಅವಳ ಕೈಯ ಬತ್ತಿ ಕೂಡ ನಿಲ್ಲಲಿಲ್ಲ. ‘ದೇವರು ಬದಲಾಗ್ತಾ ಬಂದ ಅಂದ್ರೆ ಅದರಲ್ಲಿ ಹೊಸತೆಂತ? ನಾನು ಈ ಮನೆಗೆ ಬಂದ ಮೇಲೆ ದೇವರ ಗೂಡಿಗೆ ಮೂರು ಪಟ ಹೆಚ್ಚಿಗೆ ಬಂತು, ಎರಡು ಅಟ್ಟಕ್ಕೆ ಹೋಯ್ತು. ದೀಪ ಹಚ್ಚೋದು ತಪ್ಪಿತಾ?’ ಎಂದಳು. ಮೂಕಜ್ಜಿಯ ಮೇಲೆ ಅವಳಿಗಿದ್ದ ದೂರು ಬೇರೆ: ‘ಅಷ್ಟು ಹೊತ್ತು ಕಟ್ಟೆ ಮೇಲೆ ಕೂತರೆ ಕೊಟ್ಟಿಗೆ ಕೆಲಸ ಯಾರು ಮಾಡ್ತಿದ್ರು?’

ಪುಸ್ತಕ ಮುಗಿದ ದಿನ ನಾನು ಸೈಕಲ್ಲಿಗೆ ಗಾಳಿ ಹೊಡೆಯುತ್ತ, ಆ ಶಕ್ತಿಯನ್ನು ನೀನು ನಂಬುತ್ತೀಯಾ ಎಂದು ಕೇಳಿದೆ. ಅಜ್ಜಿ ಸ್ವಲ್ಪ ಯೋಚಿಸಿದಳು. ‘ಮುಟ್ಟಿದ್ರೆ ಕಾಣೋದು ಇರಬಹುದಪ್ಪ. ಹಿಂದಿನ ಕಾಲದವರಿಗೆ ಇತ್ತೋ ಏನೋ. ಆದ್ರೆ ಮೊಮ್ಮಗ ದಿನಾ ಬಂದು ಅಜ್ಜಿ ಎದುರಿಗೆ ಕೂತು ಎಲ್ಲ ಕೇಳ್ತಾನೆ ಅಂತ ಬರೆದಿದಾರಲ್ಲ, ಅದೊಂದನ್ನು ಮಾತ್ರ ನಂಬೋದು ಕಷ್ಟ.’ ಆ ಮಾತಿನ ಮೊದಲರ್ಧ ಕೇಳುವಾಗ ನಾನು ಅಂಗಳದಲ್ಲಿದ್ದೆ. ಉಳಿದರ್ಧವನ್ನು ಸೈಕಲ್ಲಿನ ಮೇಲಿಂದ ಕೇಳಿದೆ. ಆಮೇಲೂ ಏನೋ ಹೇಳಿದಳು, ಅಷ್ಟರಲ್ಲಿ ತಿರುವು ಬಂದಿತ್ತು.

ನಂಬಿಕೆಯ ಬಗ್ಗೆ ಭಟ್ಟರು, ಮೇಷ್ಟ್ರು ಅಷ್ಟೊಂದು ಪೆನ್ಸಿಲು, ಶಾಯಿ ಖರ್ಚು ಮಾಡಿದ್ದಾರಲ್ಲ, ಅಜ್ಜಿ ಬೆರಳಿಟ್ಟ ಆ ಜಾಗದಲ್ಲಿ ಇಬ್ಬರೂ ಗುರುತು ಹಾಕಿಲ್ಲ. ನಾನೂ ಹಾಕಿರಲಿಲ್ಲ. ಮೊನ್ನೆ ರಬ್ಬರು ಹಿಡಿದು ಪೆನ್ಸಿಲ್ ಗುರುತು ಅಳಿಸಲು ಕೂತವನು, ಎರಡು ಪುಟಕ್ಕೇ ಕೈಬಿಟ್ಟೆ. ಇರಲಿ, ಭಟ್ಟರದೂ ಇರಲಿ, ಅರಿಶಿನವೂ ಇರಲಿ ಅನ್ನಿಸಿತು.

ಅಷ್ಟು ಹೊತ್ತಿಗೆ ರಜೆಗೆ ಬಂದ ಮೊಮ್ಮಗ ಮೊಬೈಲು ನೋಡುತ್ತ ಜಗಲಿಗೆ ಬಂದ. ಎರಡೂ ಕಿವಿಗೆ ಇಯರ್‌ಫೋನು. ಆ ಬಸ್ ಟಿಕೀಟನ್ನು ಅವನೆದುರು ಹಿಡಿದು, ‘ಇದನ್ನು ಮುಟ್ಟಿದರೆ ನನಗೆ ಏನೇನು ಕಾಣುತ್ತದೆ ಗೊತ್ತೇನೋ?’ ಎಂದೆ. ಹುಡುಗ ನನ್ನನ್ನು ನೋಡಿದ, ಟಿಕೀಟು ನೋಡಿದ. ಆಮೇಲೆ ಒಂದು ಕಿವಿಯದನ್ನು ತೆಗೆದ.

ಒಂದೇ ಕಿವಿ, ನಿಜ. ಆದರೂ ಇಂಥದ್ದನ್ನು ಕಣ್ಣಾರೆ ಕಂಡ ಮೇಲೆ ನಾನು ಮೆಲ್ಲಗೆ ಭಟ್ಟರ ಪಕ್ಷಕ್ಕೆ ವಾಲುತ್ತಿದ್ದೇನೆ.