ಭಾನುವಾರದ ಚಿತ್ರಕಾರ

ಹಳೆಯ ಮನೆಗಳ ಎದುರು, ಮಡಚುವ ಸ್ಟೂಲಿನ ಮೇಲೆ ಕಾಣಸಿಗುವವನು ಭಾನುವಾರದ ಚಿತ್ರಕಾರ. ವಾರದ ಉಳಿದ ದಿನ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಇರುತ್ತಾನೆ. ಮಲೆನಾಡಿನಲ್ಲಿ ಇವನ ಮೆಚ್ಚಿನ ತಾಣ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆ. ಕುವೆಂಪು (1904–1994) ಬೆಳೆದ ಈ ಹೆಂಚಿನ ತೊಟ್ಟಿಮನೆ ಈಗ ವಸ್ತುಸಂಗ್ರಹಾಲಯ. ಆಷಾಢದ ಮಳೆಯಲ್ಲಿ ಇಲ್ಲಿ ಕುಂಚ ಹಿಡಿದು ಕೂರುವಂತಿಲ್ಲ; ಆದ್ದರಿಂದ ದೀಪಾವಳಿ ಕಳೆದ ಮೇಲೆಯೇ ಇವನ ಸವಾರಿ.

ಸಾಮಾನಿಗೇನೂ ಕೊರತೆಯಿಲ್ಲ. 300 ಜಿಎಸ್‌ಎಂ ಕಾಗದ, ಅದನ್ನು ಹಲಗೆಗೆ ಅಂಟಿಸಲು ಮಾಸ್ಕಿಂಗ್ ಟೇಪು, ಸುರುಳಿ ಚೀಲದ ತುಂಬ ಕುಂಚ. ಬಳಸುವುದು ಎರಡೇ. ಬಿಸಿಲು, ನೆರಳು, ಕೆಂಪಿರುವೆ ಎಲ್ಲವನ್ನೂ ಪರಿಶೀಲಿಸಿ ಸ್ಟೂಲು ನಾಲ್ಕಾರು ಕಡೆ ಕೂತೆದ್ದ ಬಳಿಕ ಮೊದಲ ಬಣ್ಣ ಬೀಳುತ್ತದೆ. ಇಬ್ಬನಿಯ ತೇವಕ್ಕೆ ಅದು ಬೇಗ ಒಣಗುವುದಿಲ್ಲ. ಕಾಯುತ್ತಾ ಬುತ್ತಿಯ ಇಡ್ಲಿ ಮುಗಿಯುತ್ತದೆ. ಒಣಗಿತು ಎನ್ನುವಷ್ಟರಲ್ಲಿ ಸೂರಿನ ನೆರಳು ಜಾಗ ಬಿಟ್ಟಿರುತ್ತದೆ.

ಇವನ ನಿಜವಾದ ಪರೀಕ್ಷೆ ಹೆಂಚು. ಪಳಗಿದವರು ಸೂರಿನಂಚಿನಲ್ಲಿ ಕೆಲವನ್ನು ಬಿಡಿಸಿ, ಮಿಕ್ಕಿದ್ದನ್ನು ಒಂದೇ ಬಳಿತದಲ್ಲಿ ಮುಗಿಸುತ್ತಾರೆ. ಇವನು ಒಂದೊಂದನ್ನೂ ಬಿಡಿಸಲು ಹೊರಟು, ಮೂರನೆಯ ಸಾಲಿಗೆ ಕೈ ಸೋತು, ಪಳಗಿದವರ ಸಾಲಿಗೆ ಸೇರುತ್ತಾನೆ. ನೆರಳಿಗೆ ಮಾತ್ರ ಕಪ್ಪು ಮುಟ್ಟುವುದಿಲ್ಲ: ಬರ್ಂಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿ ಸೂರಿನಡಿಯ ತಂಪು ಬೂದು ಹದ ಮಾಡುತ್ತಾನೆ. ಇಷ್ಟನ್ನು ಮಾತ್ರ, ಒಪ್ಪಲೇಬೇಕು, ಚೆನ್ನಾಗಿ ಮಾಡುತ್ತಾನೆ.

ಇವನು ಬಂದಿರುವುದು ಮೌನ ಹುಡುಕಿಕೊಂಡು. ಶಾಲಾ ಪ್ರವಾಸದ ಬಸ್ಸು ಬರುವವರೆಗೆ ಅದು ಸಿಗುತ್ತದೆ. ಆಮೇಲೆ ಬೆನ್ನ ಹಿಂದೆ ವಿಮರ್ಶೆ. “ಸರ್, ಬಾಗಿಲು ಸೊಟ್ಟ ಆಯ್ತು” ಎನ್ನುವ ಹುಡುಗ ಸಾಮಾನ್ಯವಾಗಿ ಸರಿಯಾಗಿಯೇ ಹೇಳಿರುತ್ತಾನೆ. “ನಮ್ಮ ಮಗಳೂ ಚೆನ್ನಾಗಿ ಡ್ರಾಯಿಂಗ್ ಮಾಡ್ತಾಳೆ” ಎಂಬ ಮೇಷ್ಟರ ಮಾತಿಗೆ ನಗಬೇಕಾಗುತ್ತದೆ. “ಮೊಬೈಲಲ್ಲಿ ಒಂದು ಫೋಟೋ ತೆಗೆದಿದ್ರೆ ಮುಗೀತಿತ್ತಲ್ಲ ಸ್ವಾಮಿ” ಎಂದವರಿಗೆ ನಗುವೂ ಇಲ್ಲ.

ಇಳಿಹೊತ್ತಿಗೆ ಕವಿಶೈಲ ಹತ್ತಿ, ಅಲ್ಲಿನ ಬಂಡೆಯ ಮೇಲೆ ಕುವೆಂಪು, ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಅವರ ಕೆತ್ತಿದ ಹೆಸರುಗಳನ್ನು ನೋಡುತ್ತಾನೆ. ಇಳಿದು ಬಂದವನೇ ಚಿತ್ರದ ಬಲಮೂಲೆಯಲ್ಲಿ ಸಹಿ, ತಾರೀಖು ಹಾಕುತ್ತಾನೆ. ಮಹಡಿಯ ಕಿಟಕಿಗಳು ಇನ್ನೂ ಬಾಕಿ. ಅವನ್ನು ಮನೆಯಲ್ಲಿ, ಮೊಬೈಲಿನಲ್ಲಿ ತೆಗೆದುಕೊಂಡ ಫೋಟೋ ನೋಡಿ ತುಂಬುವುದೆಂದು ತೀರ್ಮಾನ. ಹಿಂದಿನ ಚಿತ್ರಗಳೂ ಇದೇ ತೀರ್ಮಾನದ ಮೇಲೆ ಬೀರುವಿನ ನೆತ್ತಿ ಸೇರಿವೆ.