ಪುಟ್ಟ ಡಬ್ಬಿಗೆ ಎಷ್ಟು ಕೆಲಸ ಹೇಳೋದು?

ಅದು ಕೇಬಲ್ ಟೀವಿ ಡಬ್ಬಿ ಅಲ್ಲ ರಾಯರೇ, ರಾಸ್ಪ್‌ಬೆರಿ ಪೈ ಅಂತ. ಪೂರಾ ಲಿನಕ್ಸ್ ಸರ್ವರು, ಅಂಗೈಲಿ ಹಿಡಿಸುತ್ತೆ. 2012ರಲ್ಲಿ ಇಂಗ್ಲೆಂಡಿನವರು ಹುಡುಗರು ಪ್ರೋಗ್ರಾಮಿಂಗ್ ಕಲೀಲಿ ಅಂತ ಹೊರತಂದರು. ಆಗ ಬೆಲೆ 35 ಡಾಲರು, ಮೆಮೊರಿ ಬರೀ 256 ಎಂಬಿ. ಹುಡುಗರು ಕಲಿತರೋ ಇಲ್ಲವೋ, ನಮ್ಮಂಥ ತಲೆ ನರೆತವರಿಗಂತೂ ಆಟದ ಸಾಮಾನು ಸಿಕ್ಕಿತು.

ನಮ್ಮನೇಲಿ ಏನು ಮಾಡುತ್ತೆ ಅಂದ್ರಾ? ಎರಡೇ ಕೆಲಸ. ಒಂದು ಡಿಎಚ್‌ಸಿಪಿ, ಅಂದರೆ ಲಾಡ್ಜ್ ಮ್ಯಾನೇಜರ್ ಕೆಲಸ. ಫೋನು, ಟೀವಿ, ಪ್ರಿಂಟರು ಯಾವುದು ಬಂದರೂ ಒಂದು ಐಪಿ ನಂಬರು ಕೊಟ್ಟು ಕೂರಿಸುತ್ತೆ. ಹನ್ನೆರಡು ಗಂಟೆಯ ಮಟ್ಟಿಗೆ ಅಂತ ಕೊಟ್ಟಿದ್ದರೆ, ಅರ್ಧ ಹೊತ್ತು ಕಳೆಯುತ್ತಲೇ ಫೋನು ತಾನಾಗಿ ಬಂದು ‘ಇನ್ನೂ ಇರ್ತೀನಿ’ ಅನ್ನುತ್ತೆ. ಅಷ್ಟು ಮರ್ಯಾದಸ್ಥ ಗಿರಾಕಿ ಯಾವ ಲಾಡ್ಜಿಗೆ ಸಿಗ್ತಾನೆ ಹೇಳಿ! ಇನ್ನೊಂದು ಡಿಎನ್‌ಎಸ್: ವೆಬ್‌ಸೈಟ್ ಹೆಸರು ಕೇಳಿದರೆ ನಂಬರು ಹುಡುಕಿ ಹೇಳೋದು.

ಎರಡನ್ನೂ ಒಂದೇ ಪ್ರೋಗ್ರಾಮ್ ನೋಡಿಕೊಳ್ಳುತ್ತೆ, ಡಿಎನ್‌ಎಸ್‌ಮಾಸ್ಕ್. ಸೈಮನ್ ಕೆಲ್ಲಿ ಅನ್ನೋರು ಬರೆದದ್ದು. ಎಷ್ಟೋ ರೂಟರುಗಳ ಹೊಟ್ಟೇಲೂ ಇದೇ ಇದೆ. ನಾವು ಬರೆಯಬೇಕಾದ್ದು ಐದಾರು ಸಾಲು: ಯಾವ ತಂತಿ ಮೇಲೆ ಕಿವಿ ಇಡಬೇಕು, ಎಲ್ಲಿಂದ ಎಲ್ಲೀತನಕದ ನಂಬರು ಹಂಚಬೇಕು, ಪ್ರಿಂಟರಿಗೆ ಖಾಯಂ ನಂಬರು ಯಾವುದು. ಒಮ್ಮೆ ಕೇಳಿದ 150 ಹೆಸರು ತಾನಾಗೇ ನೆನಪಿಟ್ಟುಕೊಳ್ಳುತ್ತೆ, ಬೇಕಾದರೆ ಹೆಚ್ಚಿಸಬಹುದು. ಹಾಂ, ರೂಟರಿನ ಡಿಎಚ್‌ಸಿಪಿ ಮಾತ್ರ ಮೊದಲು ಆಫ್ ಮಾಡಿಬಿಡಿ. ಒಂದು ಲಾಡ್ಜಿಗೆ ಇಬ್ಬರು ಮ್ಯಾನೇಜರಾದರೆ ಒಂದೇ ರೂಮಿಗೆ ಇಬ್ಬರು ಬಂದು ನಿಂತಾರು. ಉಬುಂಟು ಹಾಕಿದರೆ ಇನ್ನೊಂದು ತಕರಾರು: ಡಿಎನ್‌ಎಸ್ಸಿನ 53ನೇ ಪೋರ್ಟಲ್ಲಿ ಸಿಸ್ಟಮ್‌ಡಿ ರಿಸಾಲ್ವ್‌ಡಿ ಅನ್ನೋ ಪ್ರೋಗ್ರಾಮ್ ಮೊದಲೇ ಟವೆಲ್ ಹಾಕಿ ಕೂತಿರುತ್ತೆ. ಅದನ್ನ ಎಬ್ಬಿಸದೆ ನಮ್ಮ ಡಿಎನ್‌ಎಸ್‌ಮಾಸ್ಕ್ ಸಾಮಾನ್ಯವಾಗಿ ಏಳೋಲ್ಲ.

ನನಗೆ ಭಾರೀ ಮಜಾ ಅನ್ನಿಸೋದು ಕರೆಂಟ್ ಹೋಗಿ ಬಂದಾಗಿನ ಕಥೆ. ಹಳೇ ಪೈಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಎದ್ದಾಗ ಅದಕ್ಕೆ ಹೊತ್ತೆಷ್ಟು ಅಂತಲೇ ಗೊತ್ತಿರೋಲ್ಲ. ಇಂಟರ್ನೆಟ್ಟಿನ ಟೈಮ್ ಸರ್ವರನ್ನ ಕೇಳೋಣ ಅಂದರೆ ಅದರ ಹೆಸರಿಗೆ ನಂಬರು ಬೇಕು. ನೀವು ಡಿಎನ್‌ಎಸ್‌ಸೆಕ್ ಅನ್ನೋ ಸಹಿ ಪರೀಕ್ಷೆ ಹಾಕಿದ್ದರೆ, ಸಹಿ ಚಾಲ್ತಿಯಲ್ಲಿದೆಯೋ ಅವಧಿ ಮುಗಿದಿದೆಯೋ ನೋಡೋಕೆ ಇವತ್ತಿನ ತಾರೀಖು ಬೇಕು. ತಾರೀಖಿಗೆ ಹೆಸರು, ಹೆಸರಿಗೆ ತಾರೀಖು! ಹುಚ್ಚು ಬಿಡದೆ ಮದುವೆ ಇಲ್ಲ, ಮದುವೆ ಆಗದೆ ಹುಚ್ಚು ಬಿಡೋಲ್ಲ. ಪುಣ್ಯಾತ್ಮ ಕೆಲ್ಲಿ ಅದಕ್ಕೂ ದಾರಿ ಇಟ್ಟಿದ್ದಾರೆ: ಗಡಿಯಾರ ಸರಿಹೋಗೋತನಕ ತಾರೀಖು ನೋಡಬೇಡ ಅಂತ ಹೇಳೋಕೆ ಒಂದು ಸೆಟ್ಟಿಂಗ್.

ಫೋಟೋ, ಸಿನಿಮಾ, ಗೇಟಿನ ಕ್ಯಾಮೆರಾ ಎಲ್ಲಾ ಇದಕ್ಕೇ ಹಾಕಬಹುದಲ್ಲ ಅಂತೀರಾ? ಹಾಕಬಹುದು. ನಾನು ಹಾಕೋಲ್ಲ. ಎಸ್‌ಡಿ ಕಾರ್ಡು ಬರೆದೂ ಬರೆದೂ ಸವೆಯುತ್ತೆ. ಅದು ಕೈಕೊಟ್ಟ ದಿನ ಸಿನಿಮಾ ಜತೆ ಮನೆ ಇಂಟರ್ನೆಟ್ಟೂ ನಿಂತು, ಒಳಗಿಂದ ಸಹಸ್ರನಾಮ ಶುರುವಾಗುತ್ತೆ. ಇನ್ನೊಂದು ಮಾತು, ಡಿಎನ್‌ಎಸ್ಸನ್ನ ಹೊರಗಿನವರಿಗೆ ತೆರೆದಿಡಬೇಡಿ. ಯಾರೋ ಸುಳ್ಳು ವಿಳಾಸ ಕೊಟ್ಟು ಕೇಳ್ತಾರೆ, ನಿಮ್ಮ ಡಬ್ಬಿ ಪಾಪ ಇನ್ಯಾರದೋ ಮನೆಗೆ ಉತ್ತರ ಸುರಿಯುತ್ತೆ.

ನಿಮ್ಮನೇಗೂ ಒಂದು ಕೂರಿಸಿ ಕೊಡ್ಲಾ? ಭಾನುವಾರ ಬರ್ತೀನಿ. ಅಷ್ಟರಲ್ಲಿ ರೂಟರಿನ ಅಡ್ಮಿನ್ ಪಾಸ್‌ವರ್ಡು ಹುಡುಕಿಡಿ. ಅದರ ತಳದಲ್ಲಿ ಚೀಟಿ ಇರುತ್ತೆ, ನೋಡಿ.