ನೂರಾ ಒಂದನೆಯ ಮಗು

ನಮ್ಮಮ್ಮನಿಗೆ ನಾಲ್ಕು ಜನಕ್ಕೆ ಅಡುಗೆ ಮಾಡಲು ಬರುತ್ತಿರಲಿಲ್ಲ. ನೂರು ಜನಕ್ಕಾದರೆ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದಳು. ಭಾನುವಾರ ಮನೆಯಲ್ಲಿ ಸಾರು ಮಾಡಿದಳೆಂದರೆ ಸೋಮವಾರ ಅದು ಅಕ್ಕಪಕ್ಕದವರ ಮನೆಗೆ, ಮಂಗಳವಾರ ಎಮ್ಮೆಯ ಕಲಗಚ್ಚಿಗೆ. ಅಪ್ಪ ಗೊಣಗಿದರೆ, ‘ಸಣ್ಣ ಪಾತ್ರೇಲಿ ಕೈ ಆಡಲ್ಲ, ಏನ್ ಮಾಡ್ಲಿ?’ ಅನ್ನುತ್ತಿದ್ದಳು.

ತುಮಕೂರು ಕಡೆಯ ನಮ್ಮೂರಿನ ಸರ್ಕಾರಿ ಶಾಲೆಗೆ ಬಿಸಿಯೂಟ ಬಂದದ್ದು 2003ರಲ್ಲಿ. ಹಿಂದಿನ ವರ್ಷವೇ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿತ್ತು. ಅದಕ್ಕೂ ಮೊದಲು ಹಾಜರಾತಿ ಸರಿಯಿದ್ದವರಿಗೆ ತಿಂಗಳಿಗೆ 3 ಕೆ.ಜಿ. ಅಕ್ಕಿ ಸಿಗುತ್ತಿತ್ತು. ಅಕ್ಕಿ ಕೊಡುವ ದಿನ ಮಾತ್ರ ಜ್ವರ ಬಂದವನೂ ಚೀಲ ಹಿಡಿದು ಹಾಜರು. ಆಮೇಲೆ, 2001ರ ನವೆಂಬರಿನಲ್ಲಿ, ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಈ ಸಂಗತಿಯನ್ನು ಹೆಡ್‌ಮೇಷ್ಟ್ರು ಒಮ್ಮೆ ಬಾಯ್ತಪ್ಪಿ ಅಮ್ಮನಿಗೆ ಹೇಳಿಬಿಟ್ಟರು. ಅಂದಿನಿಂದ ಯಾರಾದರೂ ಎದುರು ಮಾತಾಡಿದರೆ, ‘ನನ್ನ ಕೆಲಸಕ್ಕೆ ಹಾಕಿದ್ದು ಸುಪ್ರೀಂ ಕೋರ್ಟು ಕಣಪ್ಪಾ’ ಎಂದು ಸೆರಗು ಸಿಕ್ಕಿಸುತ್ತಿದ್ದಳು.

ಮೊದಲ ವರ್ಷ ಊಟ ಐದನೇ ತರಗತಿಯವರೆಗೆ ಮಾತ್ರ. ನಾನು ಆರನೆಯಲ್ಲಿದ್ದೆ. ಒಗ್ಗರಣೆ ಹಾಕುವವಳು ಹೆತ್ತ ತಾಯಿ, ಅದರ ಘಮ ಕುಡಿದುಕೊಂಡು ಗಣಿತ ಮಾಡುವವನು ನಾನು. ಅಡುಗೆ ಕೋಣೆಯ ಬಾಗಿಲಲ್ಲಿ ಸುಳಿದರೆ, ‘ನೀನು ಲೆಕ್ಕದಲ್ಲಿಲ್ಲ, ಮನೇಲಿ ಮುದ್ದೆ ಇದೆ ಹೋಗು’ ಅನ್ನುತ್ತಿದ್ದಳು. ಮರುವರ್ಷ ಸರ್ಕಾರ ಏಳನೆಯವರೆಗೂ ವಿಸ್ತರಿಸಿತು. ಅಮ್ಮನ ಮನಸ್ಸು ಕರಗಲಿಲ್ಲ, ಸರ್ಕಾರದ್ದು ಕರಗಿತು.

ಲೆಕ್ಕ ಅಂದೆನಲ್ಲ, ಅದು ಅಮ್ಮನ ಎರಡನೇ ಧರ್ಮ. ಚಿಕ್ಕವರಿಗೆ ತಲೆಗೆ 100 ಗ್ರಾಂ ಅಕ್ಕಿ, ಆರನೆಯಿಂದ ಮೇಲಿನವರಿಗೆ 150. ಆದರೆ ಮೂರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ, ಬೆಳಿಗ್ಗೆ ಏನೂ ತಿನ್ನದೆ ಬರುವವನು. ಅವನ ಹೊಟ್ಟೆಗೆ ಸರ್ಕಾರಿ ಆದೇಶ ತಲುಪಿರಲಿಲ್ಲ. ಏಳನೆಯ ಹುಡುಗಿಯರಲ್ಲಿ ಕೆಲವರು ಗುಬ್ಬಿ ತಿಂದಂತೆ ತಿನ್ನುತ್ತಿದ್ದರು. ಅವರದ್ದು ಇವನಿಗೆ ವರ್ಗವಾಗುತ್ತಿತ್ತು. ‘ಮೊತ್ತ ಸರಿ ಬಂತಲ್ಲ ಮೇಷ್ಟ್ರೇ?’ ಎಂದು ಅಮ್ಮ ರಿಜಿಸ್ಟರಿನ ಕಡೆ ಬೆರಳು ತೋರಿಸುತ್ತಿದ್ದಳು. ಒಳಗೆ ಬರೆದದ್ದು ಅವಳಿಗೆ ಓದಲು ಬರುತ್ತಿರಲಿಲ್ಲ.

ಅಮ್ಮನಿಗೆ ಬಾಯಿಪಾಠವಾಗಿದ್ದ ಇನ್ನೊಂದು ನಿಯಮ ಅಡುಗೆಯವರ ಸಂಖ್ಯೆಯದು. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಅದರ ಮೇಲೆ ನೂರಕ್ಕೊಬ್ಬರು. ನಮ್ಮ ಶಾಲೆಯಲ್ಲಿ ನೂರಾ ಚಿಲ್ಲರೆ ಮಕ್ಕಳಿದ್ದುದರಿಂದ ಅಡುಗೆಯವರು ಮೂವರು. ಪಕ್ಕದ ಹೋಬಳಿಯಿಂದ ಕಾನ್ವೆಂಟಿನ ಹಳದಿ ವ್ಯಾನು ಬರತೊಡಗಿದ ಮೇಲೆ ಆ ಚಿಲ್ಲರೆ ಕರಗತೊಡಗಿತು. ನೂರಕ್ಕಿಳಿದರೆ ಮೂರನೆಯವಳು ಮನೆಗೆ. ಅವಳು ಗಂಡ ಸತ್ತವಳು, ಮಗಳೊಬ್ಬಳನ್ನು ಓದಿಸುತ್ತಿದ್ದಳು. ಹೀಗಾಗಿ ಪ್ರತಿ ಜೂನ್‌ನಲ್ಲೂ ಅಮ್ಮ ನೂರಾ ಒಂದನೆಯ ಮಗುವನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದಳು. ಚುನಾವಣೆಗೆ ನಿಂತವರೂ ಅಷ್ಟು ಮನೆ ಹತ್ತಿ ಇಳಿದಿರಲಾರರು. ‘ನಿಮ್ಮ ಮೊಮ್ಮಗನಿಗೆ ತಳ ಹತ್ತಿದ ಅನ್ನ ಬಡಿಸಲ್ಲ ಅಜ್ಜಿ, ನನ್ನಾಣೆ’ ಎಂಬುದು ಅವಳ ಪ್ರಣಾಳಿಕೆ.

ಈ ಪ್ರಚಾರಕ್ಕೆ ಮಾದರಿ ಪ್ರಾಣಿ ನಾನು. ಬೆಂಗಳೂರಿನಿಂದ ಬಸ್ಸಿಳಿದು ಮುಖ ತೊಳೆಯುವಷ್ಟರಲ್ಲಿ ಯಾರದೋ ಜಗಲಿಯ ಮೇಲೆ ನಿಲ್ಲಿಸುತ್ತಿದ್ದಳು. ‘ಇವನೂ ನಮ್ಮ ಶಾಲೇಲೇ ಓದಿದ್ದು. ಏಯ್, ಏನಾದ್ರೂ ಇಂಗ್ಲಿಷಲ್ಲಿ ಹೇಳೋ!’ ಎದುರಿಗೆ ಮಗುವಿನ ಅಪ್ಪ, ಅಮ್ಮ, ಅಜ್ಜಿ, ಒಂದು ಕುರಿಮರಿ. ಹಾಗೆ ಥಟ್ಟನೆ ಕೇಳಿದರೆ ಯಾರ ಬಾಯಲ್ಲಿ ತಾನೆ ಏನು ಬರುತ್ತದೆ? ಏಳನೇ ತರಗತಿಯಲ್ಲಿ ಉರು ಹೊಡೆದ ರಜಾ ಅರ್ಜಿಯನ್ನೇ ಒಪ್ಪಿಸುತ್ತಿದ್ದೆ: ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್…’ ಅಜ್ಜಿ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಮಗು ಸೇರುತ್ತಿತ್ತು. ಹೀಗೆ ನನ್ನ ಜ್ವರದಿಂದ ಎಷ್ಟೋ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಉಳಿದಿದ್ದಾರೆ.

ಇಷ್ಟಕ್ಕೆಲ್ಲ ಸಂಬಳ ಎಷ್ಟು ಎಂದು ಕೇಳಬೇಡಿ. 2009ರ ಕೊನೆಗೆ ದಿಲ್ಲಿಯವರು ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿದರು, ಅದೂ ವರ್ಷಕ್ಕೆ 10 ತಿಂಗಳು. ರಜೆಯಲ್ಲಿ ಮಕ್ಕಳು ಶಾಲೆಯಲ್ಲಿ ಉಣ್ಣುವುದಿಲ್ಲ, ಆದ್ದರಿಂದ ಅಡುಗೆಯವರಿಗೂ ಹಸಿವಾಗುವುದಿಲ್ಲ ಎಂಬ ತರ್ಕವಿರಬೇಕು. ಸಂಬಳ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ನಡೆದಾಗ ಅಮ್ಮನೂ ಹೋಗಿದ್ದಳು. ಏನಾಯಿತಮ್ಮಾ ಎಂದು ಫೋನಿನಲ್ಲಿ ಕೇಳಿದೆ. ‘ಪಲಾವಿಗೆ ಉಪ್ಪೇ ಇಲ್ಲ ಕಣೋ. ಅಷ್ಟು ಜನ ಅಡುಗೆಯವರು ಸೇರಿದ್ದೀವಿ, ಒಬ್ಬರನ್ನ ಕೇಳಬಾರದಿತ್ತಾ?’ ಎಂದಳು. ಬೇಡಿಕೆಯ ವಿಷಯ ಬರಲೇ ಇಲ್ಲ.

2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಊಟದಲ್ಲಿ ಕೀಟನಾಶಕ ಸೇರಿತ್ತು. ಆ ರಾತ್ರಿ ಅಮ್ಮ ಉಣ್ಣಲಿಲ್ಲ. ಮರುದಿನದಿಂದ ಎಣ್ಣೆ ಡಬ್ಬದ ಮುಚ್ಚಳ ತೆಗೆದು ಮೂಸಿ, ಬೆರಳಿಗೆ ಹಚ್ಚಿ ನೆಕ್ಕಿ, ಆಮೇಲೆ ಬಾಣಲೆಗೆ. ಮಕ್ಕಳಿಗಿಂತ ಮೊದಲು ಮೇಷ್ಟ್ರು ರುಚಿ ನೋಡಬೇಕೆಂಬ ನಿಯಮ ಇತ್ತು. ಅಮ್ಮ ಅವರಿಗೂ ಮೊದಲು ತಾನು ತಿನ್ನುತ್ತಿದ್ದಳು. ಈ ರೂಢಿ ಮನೆಗೂ ಬಂತು. ಮೊಮ್ಮಕ್ಕಳು ಬಂದಾಗ ಅಪ್ಪನಿಗೆ ಒಂದು ಸೌಟು ಬಡಿಸಿ, ಅರ್ಧ ಗಂಟೆ ಕೂರಿಸಿ, ಮುಖ ನೋಡಿ, ಆಮೇಲೆ ಮಕ್ಕಳಿಗೆ ತಟ್ಟೆ ಹಾಕುತ್ತಿದ್ದಳು. ‘ನಾನು ಹೋದರೆ ಪರವಾಗಿಲ್ಲವೇನೆ?’ ಎಂದು ಅಪ್ಪ. ‘ಎದ್ದು ಓಡಾಡಬೇಡಿ, ಗೊತ್ತಾಗಲ್ಲ’ ಎಂದು ಅಮ್ಮ.

ಆ ಆಗಸ್ಟಿನಲ್ಲೇ ಕ್ಷೀರಭಾಗ್ಯ ಬಂತು. ಮಗುವಿಗೆ 150 ಮಿಲಿ ಹಾಲು. ಪುಡಿಯನ್ನು ನೇರ ಬಿಸಿನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಮೊದಲು ತಣ್ಣೀರಲ್ಲಿ ಕದಡಿ, ಆಮೇಲೆ ಕುದಿವ ನೀರಿಗೆ ಬಿಡಬೇಕು. ಇದನ್ನು ಕಂಡುಕೊಂಡ ಮೇಲೆ ಅಮ್ಮ ಸುತ್ತಲಿನ ಶಾಲೆಗಳಿಗೆ ಕರೆಯದೆ ಹೋಗಿ ಹೇಳಿಕೊಟ್ಟು ಬಂದಳು.

ಅರವತ್ತಾಯಿತೆಂದು ಬಿಡಿಸಿದರು. ಪಿಂಚಣಿ ಇಲ್ಲ; ಒಂದು ಶಾಲು, ಒಂದು ಹಾರ. ಎರಡು ವರ್ಷವೂ ಪೂರ್ತಿ ಇರಲಿಲ್ಲ, ಹೋಗಿಬಿಟ್ಟಳು.

ತಿಥಿಗೆ ಊಟಕ್ಕೆ ಎಷ್ಟು ಜನ ಎಂದು ಅಡುಗೆ ಕಂಟ್ರಾಕ್ಟರು ಕೇಳಿದಾಗ ಒಂದು ಅಂದಾಜು ಹೇಳಿದೆ. ಬಂದವರು ಅದರ ಎರಡರಷ್ಟು. ಬಸ್ ಕಂಡಕ್ಟರ್, ನರ್ಸು, ಗಾರೆ ಕೆಲಸದವರು, ಯಾರ್ಯಾರೋ. ಅಮ್ಮನ ಕೈಕೆಳಗಿದ್ದ ಆ ಮೂರನೆಯವಳು ಕಂಟ್ರಾಕ್ಟರ ಕೈಯಿಂದ ಸೌಟು ಕಿತ್ತುಕೊಂಡು ತಾನೇ ಬಡಿಸತೊಡಗಿದಳು. ಪಂಕ್ತಿಯ ತುದಿಯಲ್ಲಿ ಕೂತಿದ್ದ ಲಾರಿ ಡ್ರೈವರ್ ಒಬ್ಬ ಬದನೆಕಾಯಿ ಹೋಳನ್ನು ಎತ್ತಿ ಎಲೆಯ ಅಂಚಿಗಿಟ್ಟ. ಶಾಲೆಯಲ್ಲಿ ಅವನಿಗೂ ಅಮ್ಮನಿಗೂ ಇದೇ ಬದನೆಕಾಯಿಗೆ ದಿನಾ ಜಗಳವಂತೆ. ಅವಳು ಸೊಂಟದ ಮೇಲೆ ಕೈಯಿಟ್ಟು ಅವನೆದುರು ನಿಂತಳು. ಅವನು ತಲೆಯೆತ್ತಿ ನೋಡಿದ. ಮೀಸೆಯ ಗಂಡಸು, ಪಕ್ಕದಲ್ಲಿ ಹೆಂಡತಿ ಮಕ್ಕಳು. ಅವಳು ಕದಲಲಿಲ್ಲ. ತಿಂದ.